ವಿರಳವಾದದ್ದೆಲ್ಲ ಇತಿಹಾಸವಲ್ಲ

ಅಮೆರಿಕದ ಅಂತರ್ಯುದ್ಧದ ಕಾಲದ ಸೇನಾಧಿಕಾರಿಗಳ ಭಾವಚಿತ್ರಗಳನ್ನು ಕೊಳ್ಳುವವರು, ಮಾರುವವರು, ಅವುಗಳ ಬಗ್ಗೆ ಬರೆಯುವವರು ಬಹುಮಟ್ಟಿಗೆ ಒಪ್ಪಿಕೊಂಡಿರುವ ಮಾತೊಂದಿದೆ: ಚಿತ್ರ ಎಷ್ಟು ವಿರಳವೋ ಅದರ ಮಹತ್ವ ಅಷ್ಟು ಹೆಚ್ಚು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಅಂಥ ಚಿತ್ರವನ್ನು ಹುಡುಕಿ ತೆಗೆದು, ಕೇಳಿದಷ್ಟು ಡಾಲರ್ ತೆತ್ತು, ಬೀರುವಿನಲ್ಲಿ ಜೋಪಾನ ಮಾಡುವ ಸಂಗ್ರಾಹಕ ಇತಿಹಾಸವನ್ನು ಉಳಿಸುತ್ತಿದ್ದಾನೆ. ಹರಾಜಿನ ಪಟ್ಟಿಯಲ್ಲಿ ‘ಅತಿ ವಿರಳ’, ‘ಇದುವರೆಗೆ ಎಲ್ಲೂ ಪ್ರಕಟವಾಗಿಲ್ಲ’ ಎಂಬ ಒಕ್ಕಣೆ ಕಂಡರೆ ಬೆಲೆ ಏರುತ್ತದೆ. ಬೆಲೆ ಏರಿದ್ದನ್ನು ಕಂಡು ಹೊರಗಿನವರೂ ಇದು ಭಾರಿ ಸಂಗತಿಯೇ ಇರಬೇಕೆಂದು ತಲೆದೂಗುತ್ತಾರೆ.

ನನಗೆ ಇದರಲ್ಲಿ ಹುರುಳು ಕಾಣುವುದಿಲ್ಲ. ವಿರಳತೆ ವ್ಯಾಪಾರಿಯ ಅಳತೆಗೋಲು. ವ್ಯಾಪಾರಕ್ಕೆ ಅದು ಸರಿಯಾಗಿಯೇ ಇದೆ. ಅದೇ ಕೋಲಿನಿಂದ ಇತಿಹಾಸವನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಆ ತಪ್ಪು ಲೆಕ್ಕದ ಪೆಟ್ಟು ಕೊನೆಗೆ ಬೀಳುವುದು ಯಾವ ಚಿತ್ರಗಳನ್ನು ಉಳಿಸುತ್ತೇವೆಂದು ಹೇಳಿಕೊಳ್ಳುತ್ತಾರೋ ಆ ಚಿತ್ರಗಳಿಗೇ.

ಈ ಚಿತ್ರಗಳು ಹುಟ್ಟಿದ ಬಗೆಯಿಂದಲೇ ಶುರುಮಾಡೋಣ. 1854ರಲ್ಲಿ ಪ್ಯಾರಿಸ್ಸಿನ ಆಂದ್ರೆ ಡಿಸ್ದೆರಿ ಎಂಬ ಛಾಯಾಗ್ರಾಹಕ ಒಂದೇ ಗಾಜಿನ ಪ್ಲೇಟಿನ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮೊಟ್ಟೆಯ ಬಿಳಿ ಸವರಿದ ತೆಳುಕಾಗದದ ಮೇಲೆ ಚಿತ್ರ ಮುದ್ರಿಸಿ, ಸುಮಾರು ನಾಲ್ಕು ಇಂಚು ಉದ್ದ ಎರಡೂವರೆ ಇಂಚು ಅಗಲದ ರಟ್ಟಿಗೆ ಅಂಟಿಸಿದರೆ ಕಾರ್ಡು ಸಿದ್ಧ. ಇದಕ್ಕೆ ಕಾರ್ಟ್ ದ ವಿಸೀತ್ ಎಂದು ಹೆಸರು. ಅದಕ್ಕೂ ಮುಂಚಿನ ಡಾಗೆರೋಟೈಪಿನಲ್ಲಿ ಒಮ್ಮೆ ಕುಳಿತರೆ ಒಂದೇ ಚಿತ್ರ. ಗಾಜಿನ ಮೇಲಿನ ಆಂಬ್ರೊಟೈಪು, ಕಬ್ಬಿಣದ ತಗಡಿನ ಮೇಲಿನ ಟಿನ್‌ಟೈಪುಗಳ ಮಟ್ಟಿಗೂ ಅದೇ ಮಾತು. ಕಾರ್ಡಿನ ಹೆಚ್ಚುಗಾರಿಕೆಯೆಲ್ಲ ಇದ್ದದ್ದು ನೆಗೆಟಿವ್ ಒಂದಿದ್ದರೆ ಸಾವಿರ ಪ್ರತಿ ತೆಗೆಯಬಹುದು ಎಂಬುದರಲ್ಲಿ. 1861ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಈ ಗೀಳು ಅಮೆರಿಕಕ್ಕೂ ಹಬ್ಬಿತ್ತು. ಸೇನೆಗೆ ಸೇರಿದವನು ಡಜನ್ ಲೆಕ್ಕದಲ್ಲಿ ಕಾರ್ಡು ಮಾಡಿಸಿ ಅಮ್ಮನಿಗೊಂದು, ಹೆಂಡತಿಗೊಂದು, ಪಡೆಯ ಗೆಳೆಯರಿಗೊಂದೊಂದು ಹಂಚುತ್ತಿದ್ದ. ಮನೆಮನೆಯಲ್ಲೂ ಈ ಕಾರ್ಡುಗಳನ್ನು ಸಿಕ್ಕಿಸಿಡುವ ಆಲ್ಬಮ್ಮುಗಳು ಬಂದವು.

ಅಧಿಕಾರಿಗಳ ಚಿತ್ರಗಳಂತೂ ಅಂಗಡಿಯ ಸರಕಾದವು. 1861ರ ಫೆಬ್ರವರಿಯಲ್ಲಿ, ಗುಂಡು ಹಾರುವುದಕ್ಕೆ ಮುಂಚೆಯೇ, ಚಾರ್ಲ್ಸ್‌ಟನ್ನಿನ ಜಾರ್ಜ್ ಕುಕ್ ಎಂಬ ಛಾಯಾಗ್ರಾಹಕ ಫೋರ್ಟ್ ಸಮ್ಟರ್ ಕೋಟೆಗೆ ಹೋಗಿ ಅಲ್ಲಿದ್ದ ಮೇಜರ್ ರಾಬರ್ಟ್ ಆಂಡರ್ಸನ್‌ನ ಚಿತ್ರ ತೆಗೆದುತಂದ. ಅದನ್ನು ನ್ಯೂಯಾರ್ಕಿನ ಆಂಥೊನಿ ಕಂಪನಿ ಕಾರ್ಡು ಮಾಡಿ ಮಾರಿತು; ಏಪ್ರಿಲ್ 12ರಂದು ಕೋಟೆಯ ಮೇಲೆ ದಾಳಿಯಾದ ಮೇಲೆ ಆಂಡರ್ಸನ್ನನ ಮುಖ ಕಾಣದ ಊರು ಉತ್ತರದ ರಾಜ್ಯಗಳಲ್ಲಿ ಉಳಿಯಲಿಲ್ಲ. ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿಯ ಸ್ಟುಡಿಯೋದಲ್ಲಿ ತೆಗೆದ ಜನರಲ್‌ಗಳ ನೆಗೆಟಿವ್‌ಗಳಿಂದಲೂ ಇದೇ ಕಂಪನಿ ಕಾರ್ಡುಗಳನ್ನು ರಾಶಿರಾಶಿಯಾಗಿ ಹೊರತಂದಿತು. ಕೈಯಿಂದ ಕೈಗೆ ಹಾಯುವುದಕ್ಕೆಂದೇ ಹುಟ್ಟಿದ ವಸ್ತು ಇದು. ಅದರಲ್ಲಿ ‘ಒಂದೇ ಒಂದು ಉಳಿದಿದೆ’ ಎಂಬುದನ್ನು ಶ್ರೇಷ್ಠತೆಯ ಗುರುತಾಗಿ ಹುಡುಕುವುದು ಅದರ ಸ್ವಭಾವಕ್ಕೇ ವಿರುದ್ಧವಾದ ಹುಡುಕಾಟ.

ಹಾಗಾದರೆ ಯಾವುದೋ ಒಬ್ಬ ಅಧಿಕಾರಿಯ ಕಾರ್ಡು ಇಂದು ವಿರಳವಾಗಿರುವುದಕ್ಕೆ ಕಾರಣವೇನು? ಬಹಳಷ್ಟು ಸಲ ಕಾರಣ ತೀರ ಸಪ್ಪೆ. ಆತ ಅಷ್ಟೇನೂ ಹೆಸರು ಮಾಡಲಿಲ್ಲ, ಹಾಗಾಗಿ ಯಾರೂ ಕೊಳ್ಳಲಿಲ್ಲ. ಬಡ್ತಿ ಸಿಕ್ಕ ವಾರದಲ್ಲೇ ಸತ್ತ. ಚಿತ್ರ ತೆಗೆದದ್ದು ಸಣ್ಣ ಊರಿನ ಸ್ಟುಡಿಯೋದಲ್ಲಿ. ದಕ್ಷಿಣದವನಾಗಿದ್ದರೆ ಇನ್ನೂ ಸರಳ: ಉತ್ತರದ ನೌಕಾಪಡೆ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಕಾನ್ಫೆಡರೇಟ್ ಊರುಗಳ ಸ್ಟುಡಿಯೋಗಳಿಗೆ ರಾಸಾಯನಿಕವೂ ಕಾಗದವೂ ಸಾಕಷ್ಟು ಸಿಗುತ್ತಿರಲಿಲ್ಲ. ಇಷ್ಟರಲ್ಲಿ ಯಾವುದೂ ಆ ಮನುಷ್ಯನ ತೂಕವನ್ನು ಹೇಳುವುದಿಲ್ಲ. ದಕ್ಷಿಣದ ಜನರಲ್ ಸ್ಟೋನ್‌ವಾಲ್ ಜಾಕ್ಸನ್‌ನ ಮಾತು ತೆಗೆದುಕೊಳ್ಳಿ. ಯುದ್ಧಕಾಲದಲ್ಲಿ ಆತ ಕ್ಯಾಮೆರಾದ ಮುಂದೆ ಕುಳಿತ ಹೆಸರಾಂತ ಚಿತ್ರಗಳು ಎರಡೇ: 1862ರ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ಒಂದು, 1863ರ ಏಪ್ರಿಲಿನಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮೊದಲು, ಇನ್ನೊಂದು. ಆದರೆ ಸತ್ತ ಮೇಲೆ ಆ ಎರಡರ ಪ್ರತಿಗಳು ದಕ್ಷಿಣದ ತುಂಬ ಹರಡಿದವು. ಕುಳಿತದ್ದು ಎರಡು ಸಲ, ಕಾರ್ಡುಗಳು ಹೇರಳ. ಜಾಕ್ಸನ್ ದಕ್ಷಿಣದವರ ಆರಾಧ್ಯನಾದದ್ದು ಹೇಗೆ ಎಂದು ತಿಳಿಯಬೇಕಾದವನಿಗೆ ಆ ಹೇರಳವೇ ಸಾಕ್ಷಿ.

ಇಷ್ಟಾದರೂ ವಿರಳದ ಬೆನ್ನು ಹತ್ತುವವರಿಗೆ ಒಂದು ನಕ್ಷೆ ಸಿಕ್ಕಿಬಿಟ್ಟಿದೆ. ಎಜ್ರಾ ವಾರ್ನರ್ 1959ರಲ್ಲಿ ದಕ್ಷಿಣದ ಕಾನ್ಫೆಡರೇಟ್ ಜನರಲ್‌ಗಳ ಬಗ್ಗೆ, 1964ರಲ್ಲಿ ಉತ್ತರದ ಯೂನಿಯನ್ ಜನರಲ್‌ಗಳ ಬಗ್ಗೆ ಬರೆದ ಎರಡು ಆಕರಗ್ರಂಥಗಳಲ್ಲಿ ಕ್ರಮವಾಗಿ 425 ಮತ್ತು 583 ಮಂದಿಯ ಜೀವನಚರಿತ್ರೆಗಳಿವೆ. ವಾರ್ನರ್ ಮಾಡಿದ್ದು ಒಳ್ಳೆಯ ವಿದ್ವತ್ತಿನ ಕೆಲಸ. ಅದನ್ನು ಸಂಗ್ರಾಹಕರು ಟಿಕ್ ಹಾಕುವ ಪಟ್ಟಿ ಮಾಡಿಕೊಂಡರು. ಒಟ್ಟು 1,008 ಖಾನೆ. ತುಂಬಿದ್ದೆಷ್ಟು, ಉಳಿದದ್ದೆಷ್ಟು ಎಂಬುದೇ ಚಿಂತೆ. ಕೊನೆಗೆ ಉಳಿಯುವ ಹತ್ತಿಪ್ಪತ್ತು ಖಾನೆಗಳಿಗೆ ಬೆಲೆ ಹುಚ್ಚುಹುಚ್ಚಾಗಿ ಏರುತ್ತದೆ. ಎರಡೂ ಕಡೆ ಸೇರಿ ಸುಮಾರು 30 ಲಕ್ಷ ಮಂದಿ ಹೋರಾಡಿದ, ಒಂದು ಅಂದಾಜಿನ ಪ್ರಕಾರ ಸುಮಾರು 7,50,000 ಮಂದಿ ಸತ್ತ ಯುದ್ಧವೊಂದು ಸಾವಿರ ಚಿಲ್ಲರೆ ಮುಖಗಳ ಪೂರ್ಣ ಸೆಟ್ ಆಗಿ ಕುಗ್ಗಿಹೋಗುತ್ತದೆ.

ಇದು ಸಣ್ಣ ಕುಗ್ಗುವಿಕೆಯಲ್ಲ. ಯುದ್ಧ ಎಂದರೆ ಜನರಲ್‌ಗಳ ಮುಖ ಎಂಬ ಅಭ್ಯಾಸ ಬೇರೂರಿದರೆ ಗುಲಾಮಗಿರಿಯೂ ಹತ್ತಿಯೂ ಬದಿಗೆ ಸರಿಯುತ್ತವೆ. ಈ ಯುದ್ಧ ನಮ್ಮ ಧಾರವಾಡ ಸೀಮೆಯವರೆಗೆ ಬಂದಿತ್ತು. ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ಇಲ್ಲಿಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅದನ್ನು ಸಾಗಿಸಲೆಂದು ಕಾರವಾರ ಬಂದರಿನ ಮೇಲೆ ಬ್ರಿಟಿಷರ ಕಣ್ಣು ಬಿತ್ತು. ಆ ಹತ್ತಿಯ ಹಿಂದಿನ ಜಗಳವೇನು, ಅದನ್ನು ಬೆಳೆದ ಗುಲಾಮರು ಯಾರು ಎಂಬುದನ್ನು ಸೊಂಟಕ್ಕೆ ಖಡ್ಗ ಸಿಕ್ಕಿಸಿ ಕಂಬಕ್ಕೆ ಒರಗಿ ನಿಂತ ಬ್ರಿಗೇಡಿಯರ್‌ನ ಕಾರ್ಡು ಎಷ್ಟು ವಿರಳವಾಗಿದ್ದರೂ ಹೇಳಲಾರದು.

ಹೇಳಬಲ್ಲ ಕಾರ್ಡು ಬೇರೆ ಇತ್ತು. 1863ರಲ್ಲಿ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೂನಿಯನ್ ಸೇನೆಯ ಆಸರೆಗೆ ಓಡಿಬಂದ ಗಾರ್ಡನ್ ಎಂಬ ಗುಲಾಮನ ಬೆನ್ನಿನ ಚಿತ್ರವನ್ನು ಮ್ಯಾಕ್‌ಫರ್ಸನ್ ಮತ್ತು ಆಲಿವರ್ ಸ್ಟುಡಿಯೋದವರು ತೆಗೆದರು. ಚಾಟಿಯೇಟಿನ ಗಾಯಗಳು ಒಣಗಿ ಬೆನ್ನ ತುಂಬ ಹುರಿಹುರಿಯಾಗಿ ಎದ್ದಿದ್ದವು. ಉತ್ತರದ ಬೇರೆ ಬೇರೆ ಸ್ಟುಡಿಯೋಗಳು ಅದನ್ನು ಪ್ರತಿ ಮಾಡಿ ಹಂಚಿದವು. ಹಾರ್ಪರ್ಸ್ ವೀಕ್ಲಿ ಪತ್ರಿಕೆ ಅದನ್ನು ಕೆತ್ತನೆಚಿತ್ರವಾಗಿ ಅಚ್ಚು ಹಾಕಿತು. ಗುಲಾಮಗಿರಿ ಅಷ್ಟೇನೂ ಕ್ರೂರವಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಲು ನೆರವಾದದ್ದು ಆ ಕಾರ್ಡಿನ ಸಂಖ್ಯೆ. ಒಂದೇ ಪ್ರತಿ ಇದ್ದು ಅದು ಯಾರದೋ ಬೀರುವಿನಲ್ಲಿ ಸೇರಿದ್ದರೆ ಆ ಚಿತ್ರ ಏನನ್ನೂ ಮಾಡುತ್ತಿರಲಿಲ್ಲ.

ಇನ್ನು ವಿರಳದ ಮೋಹ ಮಾಡುವ ನೇರ ಹಾನಿಯ ಮಾತು. ಕೈಯಲ್ಲೊಂದು ಕಾರ್ಡು ಹಿಡಿದಿದ್ದೀರಿ ಎಂದುಕೊಳ್ಳಿ. ಮುಂದೆ ಗಡ್ಡದ ಅಧಿಕಾರಿ. ಯೂನಿಯನ್ ಕೋಟಿನ ಗುಂಡಿಗಳನ್ನು ಎಣಿಸಿದರೆ ದರ್ಜೆ ಗೊತ್ತಾಗುತ್ತದೆ: ಒಂದೇ ಸಾಲಿದ್ದರೆ ಕ್ಯಾಪ್ಟನ್ ಅಥವಾ ಲೆಫ್ಟಿನೆಂಟ್, ಸಮ ಅಂತರದ ಎರಡು ಸಾಲಿದ್ದರೆ ಮೇಜರ್‌ನಿಂದ ಕರ್ನಲ್‌ವರೆಗೆ, ಎರಡು ಸಾಲಿನಲ್ಲಿ ಗುಂಡಿಗಳು ಜೋಡಿಜೋಡಿಯಾಗಿದ್ದರೆ ಬ್ರಿಗೇಡಿಯರ್ ಜನರಲ್, ಮೂರುಮೂರಾಗಿದ್ದರೆ ಮೇಜರ್ ಜನರಲ್. ಈಗ ಕಾರ್ಡನ್ನು ತಿರುಗಿಸಿ. ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು, ಊರು, ಬೀದಿ ಅಚ್ಚಾಗಿರುತ್ತದೆ. ತೆರಿಗೆಯ ಚೀಟಿ ಅಂಟಿದ್ದರೆ ಕಾರ್ಡು 1864ರಿಂದ 1866ರ ನಡುವಿನದು. ಯುದ್ಧದ ಖರ್ಚಿಗೆಂದು ಸರ್ಕಾರ ಆ ಎರಡು ವರ್ಷ ಫೋಟೋಗಳ ಮೇಲೂ ತೆರಿಗೆ ಹಾಕಿತ್ತು. ಪೆನ್ಸಿಲಿನಲ್ಲಿ ಒಂದು ಹೆಸರು, ಯಾರೋ ಯಾರಿಗೋ ಕೊಟ್ಟ ದಿನ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಾರ್ಡಿನ ಮೇಲೆ ಇರುವುದೇ ಇಲ್ಲ: ಅದು ಯಾವ ಆಲ್ಬಮ್ಮಿನಲ್ಲಿ, ಯಾರ ಪಕ್ಕದಲ್ಲಿ ಕೂತಿತ್ತು ಎಂಬುದು. ಒಂದೇ ರೆಜಿಮೆಂಟಿನವರು ಸಾಲಾಗಿ ಇದ್ದಾರೆಯೇ, ಮಧ್ಯೆ ಯಾರದಾದರೂ ತಂಗಿಯ ಚಿತ್ರವಿದೆಯೇ, ಶತ್ರುಪಡೆಯಲ್ಲಿದ್ದ ಸಹಪಾಠಿಯೂ ಇದ್ದಾನೆಯೇ?

ವ್ಯಾಪಾರ ಮೊದಲು ಕೈಹಾಕುವುದು ಇದಕ್ಕೇ. ಇಡೀ ಆಲ್ಬಮ್ ಮಾರಿದರೆ ಬರುವ ಹಣಕ್ಕಿಂತ ಅದರೊಳಗಿನ ಇಬ್ಬರು ವಿರಳ ಜನರಲ್‌ಗಳನ್ನು ಕಿತ್ತು ಬೇರೆಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆ. ಕಿತ್ತ ಮೇಲೆ ಉಳಿದ ಹೆಂಗಸರು, ಮಕ್ಕಳು, ಹೆಸರಿಲ್ಲದ ಲೆಫ್ಟಿನೆಂಟ್‌ಗಳು ಕವಡೆ ಕಾಸಿಗೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಮದುವೆಯ ಆಲ್ಬಮ್ಮಿನಿಂದ ಮಂತ್ರಿಗಳು ಬಂದಿದ್ದ ಒಂದು ಫೋಟೋ ಕಿತ್ತುಕೊಂಡು ವಧೂವರರನ್ನು ತಿಪ್ಪೆಗೆ ಎಸೆದಂತೆ. ಹಾಗೆ ಬಿಡಿಯಾದ ಕಾರ್ಡು ‘ಉಳಿಯಿತು’ ಎನ್ನುವುದು ಹೇಗೆ? ಉಳಿದದ್ದು ರಟ್ಟು ಮತ್ತು ಮುಖ. ಆ ಮುಖ ಯಾರ ಬದುಕಿನಲ್ಲಿ ಎಲ್ಲಿತ್ತು ಎಂಬ ಪುರಾವೆ ಹೋಯಿತು. ಹಾಗೆ ಹೋಗಲು ಕಾರಣ ಆ ಕಾರ್ಡಿನ ವಿರಳತೆಯೇ. ವಿರಳವಲ್ಲದಿದ್ದರೆ ಅದನ್ನು ಯಾರೂ ಕೀಳುತ್ತಿರಲಿಲ್ಲ.

ಎರಡನೆಯ ಹಾನಿ ಹೆಸರಿನದು. ಹೆಸರಿಲ್ಲದ ಅಧಿಕಾರಿಯ ಕಾರ್ಡಿಗೂ ವಿರಳ ಜನರಲ್‌ನ ಕಾರ್ಡಿಗೂ ಬೆಲೆಯಲ್ಲಿ ಅಜಗಜಾಂತರ. ಗಡ್ಡ ಸ್ವಲ್ಪ ಹೋಲಿದರೆ, ಗುಂಡಿಗಳ ಸಾಲು ಹೊಂದಿದರೆ, ಮಾರುವವನಿಗೂ ಕೊಳ್ಳುವವನಿಗೂ ಅದು ಆ ಜನರಲ್‌ನೇ ಆಗಿರಲಿ ಎಂಬ ಆಸೆ. ಅನುಮಾನಕ್ಕೆ ಸಂತೆಯಲ್ಲಿ ಬೆಲೆಯಿಲ್ಲ. ‘ಇವನು ಯಾರೋ ಗೊತ್ತಿಲ್ಲ’ ಎಂಬ ಪ್ರಾಮಾಣಿಕ ಮಾತಿಗೆ ನಷ್ಟವಿದೆ, ಧೈರ್ಯದ ಊಹೆಗೆ ಲಾಭವಿದೆ. ಹಿಂಬದಿಯಲ್ಲಿ ಯಾವಾಗಲೋ ಯಾರೋ ಗೀಚಿದ ಪೆನ್ಸಿಲ್ ಹೆಸರು ಎರಡು ಸಲ ಕೈ ಬದಲಾಗುವಷ್ಟರಲ್ಲಿ ಶಾಸನವಾಗಿಬಿಡುತ್ತದೆ.

ಅಷ್ಟಕ್ಕೂ ಈ ಚಿತ್ರಗಳು ಹುಟ್ಟಿನಿಂದಲೇ ಅಷ್ಟು ಮುಗ್ಧವಲ್ಲ. ಯುದ್ಧಕ್ಕೆ ಮುಂಚೆ ಅಮೆರಿಕದ ಸೇನೆಯ ಸಮವಸ್ತ್ರದಲ್ಲಿ ತೆಗೆಸಿಕೊಂಡ ಹಳೆಯ ಚಿತ್ರಗಳ ಮೇಲೆ ಕಾನ್ಫೆಡರೇಟ್ ಕೋಟನ್ನು ಬಣ್ಣದಲ್ಲಿ ಬರೆದು, ಹೊಸ ಚಿತ್ರವೆಂಬಂತೆ ಮಾರಿದ್ದುಂಟು. 1865ರಲ್ಲಿ ಬ್ರೇಡಿ ತೆಗೆದ, ಯೂನಿಯನ್ ದಂಡನಾಯಕ ಷರ್ಮನ್ ಮತ್ತು ಆತನ ಜನರಲ್‌ಗಳ ಹೆಸರಾಂತ ಗುಂಪುಚಿತ್ರದಲ್ಲಿ ಫ್ರಾನ್ಸಿಸ್ ಬ್ಲೇರ್‌ನನ್ನು ಆಮೇಲೆ ಸೇರಿಸಿದ್ದು. ಚಿತ್ರ ತೆಗೆದಾಗ ಆತ ಅಲ್ಲಿರಲಿಲ್ಲ. ಕುದುರೆಯ ಮೇಲೆ ಕೂತ ಯೂನಿಯನ್ ಸೇನೆಯ ಮುಖ್ಯಸ್ಥ ಗ್ರಾಂಟ್‌ನ ಚಿತ್ರವೊಂದಿದೆ, ಹಿಂದೆ ಸೇನೆಯ ಬೀಡು ಹರಡಿಕೊಂಡಿದೆ. ಅದು ಮೂರು ಚಿತ್ರಗಳ ಕಸಿ ಎಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪತ್ತೆಹಚ್ಚಿದೆ: ತಲೆ 1864ರಲ್ಲಿ ಕೋಲ್ಡ್ ಹಾರ್ಬರಿನಲ್ಲಿ ನಿಂತಿದ್ದ ಗ್ರಾಂಟ್‌ನದು, ಮೈ ಮತ್ತು ಕುದುರೆ ಜನರಲ್ ಅಲೆಕ್ಸಾಂಡರ್ ಮಕ್‌ಕುಕ್‌ನದು, ಹಿಂದಿರುವ ಸೈನಿಕರು ಸೆರೆಸಿಕ್ಕ ಕಾನ್ಫೆಡರೇಟರು. ಬ್ರೇಡಿಯ ಹೆಂಡತಿಯ ಕಡೆಯ ನೆಂಟ ಲೆವಿನ್ ಹ್ಯಾಂಡಿ 1902ರಲ್ಲಿ ಇದನ್ನು ಜೋಡಿಸಿದ್ದ. ಈ ಮೋಸ ಬಯಲಾದದ್ದಾದರೂ ಹೇಗೆ? ಮೂಲದ ಮೂರೂ ನೆಗೆಟಿವ್‌ಗಳು ಒಂದೇ ಕಡೆ, ಎಲ್ಲರೂ ನೋಡಬಹುದಾದ ಸಂಗ್ರಹದಲ್ಲಿ ಇದ್ದುದರಿಂದ. ಮೂರು ಶ್ರೀಮಂತರ ಮೂರು ಬೀರುಗಳಲ್ಲಿ ಒಂದೊಂದು ಸೇರಿದ್ದರೆ ಮೂವರೂ ಅದನ್ನು ವಿರಳವೆಂದು ಮೆರೆಸುತ್ತಿದ್ದರು, ಹ್ಯಾಂಡಿಯ ಗ್ರಾಂಟ್ ಇಂದಿಗೂ ಅಸಲಿ ಗ್ರಾಂಟ್ ಆಗಿಯೇ ಸವಾರಿ ಮಾಡುತ್ತಿದ್ದ.

ಇದಕ್ಕೆ ಸಂಗ್ರಾಹಕರ ಕಡೆಯಿಂದ ಬರುವ ಉತ್ತರ ಗಟ್ಟಿಯಾದದ್ದೇ. ಸರ್ಕಾರಗಳು, ಸಂಸ್ಥೆಗಳು ಕಣ್ಣುಮುಚ್ಚಿ ಕುಳಿತಿದ್ದಾಗ ಇವನ್ನು ಉಳಿಸಿದವರು ಖಾಸಗಿಯವರೇ ಅಲ್ಲವೇ? ಹೌದು. ಯುದ್ಧ ಮುಗಿದ ಮೇಲೆ ಜನಕ್ಕೆ ಯುದ್ಧದ ಚಿತ್ರ ಬೇಡವಾಯಿತು, ಬ್ರೇಡಿ ಸಾಲದಲ್ಲಿ ಮುಳುಗಿದ. ಅಮೆರಿಕದ ಕಾಂಗ್ರೆಸ್ ಆತನ ನೆಗೆಟಿವ್‌ಗಳಿಗಾಗಿ 25,000 ಡಾಲರ್ ಕೊಡಲು ಮನಸ್ಸು ಮಾಡಿದ್ದು 1875ರಲ್ಲಿ. ಯೂನಿಯನ್ ಅಧಿಕಾರಿಗಳ ಲಾಯಲ್ ಲೀಜನ್ ಸಂಘದ ಮ್ಯಾಸಚೂಸೆಟ್ಸ್ ಶಾಖೆಯವರು ಆಸ್ಥೆಯಿಂದ ಕಲೆಹಾಕಿದ ಸಾವಿರಾರು ಚಿತ್ರಗಳು ಇಂದು ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಸೇನಾ ಪರಂಪರೆ ಕೇಂದ್ರದಲ್ಲಿವೆ. ಆದರೆ ಈ ಉದಾಹರಣೆಗಳು ಸಂಗ್ರಹವನ್ನು ಸಮರ್ಥಿಸುತ್ತವೆ, ವಿರಳದ ಆರಾಧನೆಯನ್ನಲ್ಲ. ಲೀಜನ್ನಿನವರು ತಮ್ಮ ಜೊತೆಗಾರರ ಚಿತ್ರ ಕೂಡಿಸಿದ್ದು ಹೆಸರು ಅಳಿಯಬಾರದೆಂದು. ಕಾರ್ಡು ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕಿ ಅಲ್ಲ.

ಇನ್ನೂ ಸ್ಪಷ್ಟವಾದ ಉದಾಹರಣೆ ನಮ್ಮ ಕಾಲದ್ದೇ ಇದೆ. ಟಾಮ್ ಲಿಲ್ಯೆಂಕ್ವಿಸ್ಟ್ ಎಂಬ ವರ್ಜೀನಿಯಾದ ಉದ್ಯಮಿ ತನ್ನ ಗಂಡುಮಕ್ಕಳ ಜೊತೆ ಸೇರಿ ಕೊಂಡದ್ದು ಹೆಚ್ಚಾಗಿ ಸಾಮಾನ್ಯ ಸೈನಿಕರ ಆಂಬ್ರೊಟೈಪು, ಟಿನ್‌ಟೈಪುಗಳನ್ನು. ಬಹುಪಾಲು ಮುಖಗಳಿಗೆ ಹೆಸರೇ ಇಲ್ಲ. 2010ರಲ್ಲಿ ಅವರು ಸುಮಾರು 700 ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ದಾನ ಮಾಡಿದರು. ಲೈಬ್ರರಿ ಅವನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿತು. ಅದಾದ ಮೇಲೆ ದೂರದೂರದ ಓದುಗರು ನೋಡಿ, ಹೋಲಿಸಿ, ಕೆಲವರ ಹೆಸರು ಪತ್ತೆಹಚ್ಚಿದ್ದಾರೆ. ಈ ಕೆಲಸವನ್ನು ಹೊಗಳುವವರು ಒಂದನ್ನು ಗಮನಿಸಬೇಕು: ಖಾನೆ ತುಂಬುವವನ ಕಣ್ಣಿಗೆ ಈ ಸೈನಿಕರು ಬೀಳುವವರೇ ಅಲ್ಲ. ವಿರಳದ ಲೆಕ್ಕ ಬದಿಗಿಟ್ಟಿದ್ದರಿಂದಲೇ ಆ ಸಂಗ್ರಹ ದೊಡ್ಡದಾಯಿತು.

ಬೆಲೆ ಇದ್ದರೆ ಕಾಳಜಿ ಇರುತ್ತದೆ, ದುಡ್ಡು ಕೊಟ್ಟವನು ಜೋಪಾನ ಮಾಡುತ್ತಾನೆ ಎಂಬುದು ಇನ್ನೊಂದು ಸಮರ್ಥನೆ. ರಟ್ಟನ್ನು ಜೋಪಾನ ಮಾಡುತ್ತಾನೆ, ಒಪ್ಪಿದೆ. ಜೊತೆಗೆ ಅದನ್ನು ಬಚ್ಚಿಡಲೂ ಅವನಿಗೆ ಕಾರಣವಿದೆ. ‘ಇದುವರೆಗೆ ಪ್ರಕಟವಾಗಿಲ್ಲ’ ಎಂಬುದೇ ಬೆಲೆಯ ಒಂದು ಭಾಗವಾಗಿರುವಾಗ ಪ್ರಕಟಿಸಿದರೆ ನಷ್ಟ ಯಾರಿಗೆ? ತಿಳಿವು ಹಂಚಿದಷ್ಟೂ ಕಡಿಮೆಯಾಗುವ ಬಂಡವಾಳವನ್ನು ಇತಿಹಾಸವೆಂದು ಕರೆಯುವುದು ಹೇಗೆ? ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಈ ಯುದ್ಧದ ಮುಖಗಳನ್ನು ಕಂಪ್ಯೂಟರಿನಿಂದ ಹೋಲಿಸುವ ‘ಸಿವಿಲ್ ವಾರ್ ಫೋಟೋ ಸ್ಲೂತ್’ ಎಂಬ ವ್ಯವಸ್ಥೆಯನ್ನು ಶುರುಮಾಡಿದರು. ಹೆಸರು ಗೊತ್ತಿರುವ ಚಿತ್ರಗಳು ಅಲ್ಲಿ ಎಷ್ಟು ಸೇರುತ್ತವೋ ಹೆಸರಿಲ್ಲದವನಿಗೆ ಹೆಸರು ಸಿಗುವ ಸಾಧ್ಯತೆ ಅಷ್ಟು. ಬೀರುವಿನೊಳಗಿನ ಒಂದೊಂದು ಕಾರ್ಡೂ ಬೇರೆ ಯಾರದೋ ಗುರುತನ್ನು ತಡೆಹಿಡಿದಂತೆ.

ವಿರಳತೆಗೆ ಅರ್ಥವೇ ಇಲ್ಲವೇ ಎಂದು ಕೇಳಬಹುದು. ಇದೆ, ಅದರ ಕಾರಣದಲ್ಲಿ. ಡಾ. ಅಲೆಕ್ಸಾಂಡರ್ ಅಗಸ್ಟಾ 1863ರಲ್ಲಿ ಯೂನಿಯನ್ ಸೇನೆಯಲ್ಲಿ ಮೇಜರ್ ದರ್ಜೆಯ ಸರ್ಜನ್ ಆದ ಕಪ್ಪು ವೈದ್ಯ. ಸಮವಸ್ತ್ರ ತೊಟ್ಟು ಬಾಲ್ಟಿಮೋರಿನಲ್ಲಿ ರೈಲು ಹತ್ತಿದಾಗ ಜನ ಮೇಲೆಬಿದ್ದು ಆತನ ಭುಜಪಟ್ಟಿ ಕಿತ್ತರು. ಆತನ ಕೈಕೆಳಗೆ ಇರಲಾರೆವೆಂದು ಬಿಳಿಯ ವೈದ್ಯರು ಅಧ್ಯಕ್ಷ ಲಿಂಕನ್‌ಗೇ ದೂರು ಬರೆದರು. ಆ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರೂ ಅಧಿಕಾರಿಗಳಾದವರು ಬೆರಳೆಣಿಕೆಯಷ್ಟೇ. ಹಾಗಾಗಿ ಸಮವಸ್ತ್ರದ ಅಗಸ್ಟಾನ ಚಿತ್ರದಂಥವು ಕಡಿಮೆ ಇರುವುದು ಒಂದು ಅನ್ಯಾಯದ ದಾಖಲೆ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಏಕೆ ಇಷ್ಟು ಕಡಿಮೆ’. ಹರಾಜುಗಾರ ಕೇಳುವುದು ‘ಎಷ್ಟು ಕಡಿಮೆ’. ಎರಡು ಪ್ರಶ್ನೆಗಳನ್ನೂ ಒಂದೇ ಎಂದುಕೊಂಡದ್ದೇ ಇಡೀ ತಪ್ಪಿನ ಮೂಲ.

ಜಗತ್ತಿನಲ್ಲಿ ಒಂದೇ ಒಂದು ಇದ್ದ ಚಿತ್ರವೊಂದು ಆ ಯುದ್ಧದಲ್ಲಿ ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಯೂನಿಯನ್ ಸೈನಿಕನೊಬ್ಬನ ಹೆಣ ಸಿಕ್ಕಿತು. ಹೆಸರಿಲ್ಲ, ಕೈಯಲ್ಲಿ ಮೂರು ಮಕ್ಕಳ ಆಂಬ್ರೊಟೈಪು. ಡಾ. ಬೋರ್ನ್ಸ್ ಎಂಬ ಫಿಲಡೆಲ್ಫಿಯಾದ ವೈದ್ಯರ ಕೈಗೆ ಅದು ಬಂತು. ಅವರು ಮಾಡಿದ ಮೊದಲ ಕೆಲಸ ಆ ಒಂಟಿ ಚಿತ್ರವನ್ನು ಕಾರ್ಡುಗಳಾಗಿ ಪ್ರತಿ ಮಾಡಿಸಿದ್ದು, ಪತ್ರಿಕೆಗೆ ವಿವರ ಕೊಟ್ಟದ್ದು. ಪತ್ರಿಕೆಗಳು ಫೋಟೋ ಅಚ್ಚು ಹಾಕಲಾರದ ಕಾಲ. ದೊಡ್ಡ ಹುಡುಗನ ಅಂಗಿಯೂ ಹುಡುಗಿಯ ಲಂಗವೂ ಒಂದೇ ಬಟ್ಟೆಯವು ಎಂಬಂಥ ವಿವರಗಳನ್ನು ಮಾತಿನಲ್ಲೇ ಬರೆದರು. ಆ ವರದಿ ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಊರನ್ನು ಮುಟ್ಟಿತು. ಫಿಲಿಂಡಾ ಹ್ಯೂಮಿಸ್ಟನ್ ತನ್ನ ಮಕ್ಕಳನ್ನು ಗುರುತಿಸಿದಳು. ಸತ್ತವನು 154ನೇ ನ್ಯೂಯಾರ್ಕ್ ರೆಜಿಮೆಂಟಿನ ಸಾರ್ಜೆಂಟ್ ಏಮೋಸ್ ಹ್ಯೂಮಿಸ್ಟನ್ ಎಂದಾಯಿತು. ಮುಂದೆ ಅದೇ ಮಕ್ಕಳ ಕಾರ್ಡು ಮಾರಿದ ಹಣವೂ ಸೇರಿ ಗೆಟ್ಟಿಸ್‌ಬರ್ಗ್‌ನಲ್ಲಿ ಸೈನಿಕರ ಅನಾಥ ಮಕ್ಕಳಿಗೆ ಮನೆಯೊಂದಾಯಿತು. ಆ ಆಂಬ್ರೊಟೈಪಿಗಿಂತ ವಿರಳವಾದದ್ದು ಇರಲು ಸಾಧ್ಯವಿಲ್ಲ. ಒಂದೇ ಒಂದಾಗಿ ಇದ್ದಷ್ಟು ದಿನ ಅದು ಮೂಕ. ಮಾತನಾಡಿದ್ದು ನೂರು ಕೈಗೆ ಹೋದಾಗ.

ನನ್ನ ದುಡ್ಡು, ನನ್ನ ಸ್ವತ್ತು, ನನ್ನಿಷ್ಟ ಎನ್ನುವವರೊಡನೆ ನನಗೆ ಜಗಳವಿಲ್ಲ. ಅಂಚೆಚೀಟಿ, ಗಡಿಯಾರ, ಹಳೆ ನಾಣ್ಯ ಕೂಡಿಸುವಂತೆ ಜನರಲ್‌ಗಳನ್ನೂ ಕೂಡಿಸಬಹುದು. ಅದು ಹವ್ಯಾಸ, ಹವ್ಯಾಸಕ್ಕೆ ಯಾರ ಅಪ್ಪಣೆಯೂ ಬೇಡ. ಇತಿಹಾಸದ ಹೆಸರೆತ್ತಿದ ಕೂಡಲೇ ಕೆಲವು ಹೊಣೆಗಳು ಹೆಗಲೇರುತ್ತವೆ. ಆಲ್ಬಮ್ ಸಿಕ್ಕರೆ ಬಿಡಿಸದೆ ಇಡಬೇಕು. ಬಿಡಿಸಲೇಬೇಕಾದರೆ ಪುಟಪುಟದ ಕ್ರಮವನ್ನು ಮೊದಲು ದಾಖಲಿಸಬೇಕು. ಕಾರ್ಡಿನ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ಹೊರಗಿಡಬೇಕು. ಊಹೆಯನ್ನು ಊಹೆ ಎಂದೇ ಬರೆಯಬೇಕು. ಜನರಲ್‌ನ ಪಕ್ಕದಲ್ಲಿದ್ದ ಹೆಸರಿಲ್ಲದ ಲೆಫ್ಟಿನೆಂಟ್‌ಗೂ ಅಷ್ಟೇ ಜಾಗ ಕೊಡಬೇಕು. ಇದರಲ್ಲಿ ಯಾವುದಕ್ಕೂ ಹೆಚ್ಚು ಖರ್ಚಿಲ್ಲ. ಖರ್ಚಾಗುವುದು ‘ನನ್ನಲ್ಲಿ ಮಾತ್ರ ಇದೆ’ ಎಂಬ ಹೆಮ್ಮೆಯೊಂದೇ. ಆ ಹೆಮ್ಮೆಯನ್ನು ಬಿಡಲಾರದವರು ಬೀರುವಿಗೆ ಬೀಗ ಹಾಕಿಕೊಂಡು ಸುಖವಾಗಿರಲಿ. ಅದನ್ನು ಇತಿಹಾಸದ ಸೇವೆ ಎಂದು ಹೇಳಿಕೊಳ್ಳುವುದನ್ನು ಮಾತ್ರ ಬಿಡಲಿ. ನಾವೂ ಹರಾಜಿನ ಬೆಲೆ ನೋಡಿ ತಲೆದೂಗುವುದನ್ನು ಬಿಡೋಣ.